ಹತ್ತಿದ್ದೋ, ಹೊಕ್ಕಿದ್ದೋ?

ಈ ಪ್ರಶ್ನೋತ್ತರ ಅಂಕಣಕ್ಕೆ ಈ ಸಲ ಅಂಚೆಯಲ್ಲಿ ಬಂದ ಒಂದು ಲಕೋಟೆ ಕೈಗೆ ತಗೊಂಡಾಗಲೇ ಒಳಗೆ ಏನೋ ಗಟ್ಟಿ ತಾಗಿತು. ಬಿಚ್ಚಿದರೆ, ನೋಟ್‌ಬುಕ್ ಹಾಳೆಯಲ್ಲಿ ಸುತ್ತಿದ ಪೆನ್ಸಿಲ್ ಕಡ್ಡಿ. ಮರ ಸುಲಿದು ತೆಗೆದದ್ದು. ಅರ್ಧ ಕಪ್ಪು, ಅರ್ಧ ತಾಮ್ರದ ಕೆಂಪು. ದಾರಿಯಲ್ಲಿ ಮೂರು ತುಂಡಾಗಿತ್ತು. ಮುರಿದಿದ್ದೇ ಒಳ್ಳೆಯದಾಯಿತು ಅನ್ನಿ. ಜೊತೆಗಿದ್ದ ಪತ್ರ ಮೊದಲು ಓದಿಬಿಡಿ.

ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪದರ ಪದರವಾಗಿರುವ ವಸ್ತುಗಳ ನಡುವೆ ಲೋಹದ ಪರಮಾಣು ತೂರಿಸಬಹುದು, ಅದೂ ಸುಮ್ನೆ ದ್ರಾವಣದಲ್ಲಿ ಅದ್ದಿಟ್ಟು, ಅಂತ ಓದಿದೆ. ಗ್ರಾಫೈಟೂ ಪದರದ್ದೇ ಅಲ್ವಾ? ಮೈಲುತುತ್ತ (ಕಾಪರ್ ಸಲ್ಫೇಟ್) ಕರಗಿಸಿದ ನೀರಿಗೆ ಪೆನ್ಸಿಲ್ ಕಡ್ಡಿ ಇಳಿಬಿಟ್ಟೆ. ಏನೂ ಆಗಲಿಲ್ಲ. ಆಮೇಲೆ ಕಡ್ಡಿಗೆ ಒಂದು ಕಬ್ಬಿಣದ ಮೊಳೆ ಕಟ್ಟಿ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಕಡ್ಡಿ ಕೆಂಪಾಗಿತ್ತು. ತಾಮ್ರ ಒಳಗೆ ಹೋಯಿತಾ? ಕಡ್ಡಿ ಕಳಿಸಿದ್ದೇನೆ, ನೋಡಿ ಹೇಳಿ.
— ವಿದ್ಯಾರ್ಥಿ, ಗಂಗಾವತಿ

ಇಲ್ಲ ತಮ್ಮಾ, ಹೋಗಿಲ್ಲ. ಆದರೆ ನೀನು ಮೊಳೆ ಕಟ್ಟಿದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ಮೊದಲ ಸಲ ಏನೂ ಆಗದಿದ್ದಾಗ ಬಿಟ್ಟು ಏಳುವವರೇ ಜಾಸ್ತಿ.

ಮುರಿದ ತುದಿಯನ್ನು ಮೊಮ್ಮಗಳ ಭೂತಗನ್ನಡಿಯಲ್ಲಿ ನೋಡಿದೆ. ಸುತ್ತ ಒಂದು ತೆಳ್ಳನೆ ಕೆಂಪು ಬಳೆ. ನಡುವೆ ಪೂರ್ತಿ ಕಪ್ಪು. ಉಗುರಿನಿಂದ ಕೆರೆದರೆ ಕೆಂಪು ಪುಡಿಯಾಗಿ ಉದುರುತ್ತದೆ. ಅಂದರೆ ತಾಮ್ರ ಹೊರಗೆ ಹತ್ತಿದೆ, ಒಳಗೆ ಹೊಕ್ಕಿಲ್ಲ.

ಇದನ್ನು ನೋಡಿದ ಕೂಡಲೇ ನನಗೆ ನೆನಪಾದದ್ದು ಜೀನ್ಸ್. ಬಳ್ಳಾರಿಯಲ್ಲಿ ನಮ್ಮ ಓಣಿಯಲ್ಲೇ ಮೂರು ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಮಿಷನ್ ಸದ್ದು ನಿಂತರೆ ಕರೆಂಟ್ ಹೋಯಿತು ಅಂತ ನಮಗೆ ಗೊತ್ತಾಗುತ್ತದೆ. ಪಕ್ಕದ ಮನೆಯಿಂದ ಒಂದು ಬಟ್ಟೆ ಚೂರು ಇಸಿದುಕೊಂಡು, ಅಂಚಿನಿಂದ ಒಂದು ನೀಲಿ ಎಳೆ ಎಳೆದು, ಹುರಿ ಬಿಚ್ಚಿ ನೋಡು. ಹೊರಗೆ ಗಾಢ ನೀಲಿ, ನಡುವೆ ಹತ್ತಿಯ ಬಿಳಿ. ಡೆನಿಮ್ ಮಿಲ್ಲಿನಲ್ಲಿ ನೂಲನ್ನು ನೀಲಿಯ ತೊಟ್ಟಿಗೆ ಅದ್ದಿ, ಗಾಳಿಗೆ ಎತ್ತಿ, ಮತ್ತೆ ಅದ್ದಿ, ಮತ್ತೆ ಎತ್ತುತ್ತಾರೆ. ತೊಟ್ಟಿಯಲ್ಲಿ ಆ ಬಣ್ಣ ನೀಲಿ ಇರುವುದೇ ಇಲ್ಲ, ಹಳದಿ-ಹಸಿರು. ಆ ರೂಪದಲ್ಲಿ ಮಾತ್ರ ಅದು ಕರಗುತ್ತದೆ. ಗಾಳಿ ತಾಗಿದ ತಕ್ಷಣ ನೀಲಿಯಾಗಿ, ಕರಗದಂತಾಗಿ, ಸಿಕ್ಕಿದ ಕಡೆ ಕೂತುಬಿಡುತ್ತದೆ. ಎಳೆಯ ನಡುವಿಗೆ ಹೋಗಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ. ಅದಕ್ಕೇ ಜೀನ್ಸ್ ಉಜ್ಜಿದಲ್ಲಿ ಬಿಳಿ ಕಾಣುತ್ತದೆ.

ನಿನ್ನ ಕಡ್ಡಿಯ ಕಥೆಯೂ ಹೆಚ್ಚುಕಡಿಮೆ ಹೀಗೇ. ಮೊಳೆಯ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಟ್ಟಿತು. ಗ್ರಾಫೈಟ್ ತಂತಿಯ ಹಾಗೆ ಅದನ್ನು ಸಾಗಿಸಿತು. ದ್ರಾವಣದ ತಾಮ್ರದ ಅಯಾನು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು, ಕಡ್ಡಿಯ ಮೈ ಮುಟ್ಟಿದ್ದೇ ತಡ, ಎಲೆಕ್ಟ್ರಾನ್ ಸಿಕ್ಕಿ ಲೋಹವಾಯಿತು. ಅಲ್ಲೇ ಕೂತಿತು. ಪಕ್ಕದಲ್ಲಿ ಇನ್ನೊಂದು ತಾಮ್ರ ಬಂತು. ಲೋಹದ ಪರಮಾಣುಗಳಿಗೆ ತಮ್ಮವರ ಪಕ್ಕ ಕೂರುವುದೇ ಇಷ್ಟ. ಗುಂಪು ಬೆಳೆದು ಪದರವಾಯಿತು.

ಇನ್ನೆರಡು ಅಡ್ಡಿ ಇದ್ದವು. ನೀರಿನಲ್ಲಿ ತಾಮ್ರದ ಅಯಾನು ಒಂಟಿಯಾಗಿರುವುದಿಲ್ಲ, ಸುತ್ತ ಆರು ನೀರಿನ ಅಣು ಅಂಟಿಸಿಕೊಂಡೇ ಓಡಾಡುತ್ತದೆ. ಮೈಲುತುತ್ತದ ನೀರಿಗೆ ಆ ನೀಲಿ ಬರುವುದೂ ಈ ಜೊತೆಗಾರರಿಂದಲೇ. ಗ್ರಾಫೈಟಿನ ಒಂದು ಹಾಳೆಯಿಂದ ಇನ್ನೊಂದಕ್ಕೆ ಇರುವ ದೂರ 0.335 ನ್ಯಾನೋಮೀಟರ್ ಅಷ್ಟೇ (ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು). ಅಷ್ಟು ಬಳಗ ಕಟ್ಟಿಕೊಂಡು ಅಲ್ಲಿ ನುಗ್ಗಲು ಆಗುತ್ತದಾ? ಎರಡನೆಯದು, ಲೋಹಗಳಲ್ಲಿ ಗ್ರಾಫೈಟ್ ಒಳಗೆ ಬಿಟ್ಟುಕೊಳ್ಳುವುದು ಎಲೆಕ್ಟ್ರಾನ್ ಧಾರಾಳವಾಗಿ ಕೊಡುವವರನ್ನು. ಪೊಟ್ಯಾಸಿಯಂ ಆವಿಯಲ್ಲಿ ಗ್ರಾಫೈಟ್ ಇಟ್ಟರೆ 8 ಕಾರ್ಬನ್‌ಗೆ ಒಂದು ಪೊಟ್ಯಾಸಿಯಂ ಒಳಗೆ ಸೇರುತ್ತದೆ. ಹಾಳೆಗಳ ದೂರ 0.535 ನ್ಯಾನೋಮೀಟರಿಗೆ ಏರುತ್ತದೆ. ಕಪ್ಪಗಿದ್ದದ್ದು ಕಂಚಿನ ಬಣ್ಣಕ್ಕೆ ತಿರುಗುತ್ತದೆ. ತಾಮ್ರಕ್ಕೆ ಆ ಧಾರಾಳತನ ಇಲ್ಲ. ಹೀಗಾಗಿ ನೀನು ಆರಿಸಿದ ಮನೆಯೇ ಸರಿ ಇರಲಿಲ್ಲ. ಮೇಲಾಗಿ ಪೆನ್ಸಿಲ್ ಕಡ್ಡಿಯಲ್ಲಿ ಗ್ರಾಫೈಟಿನ ಜೊತೆ ಜೇಡಿಮಣ್ಣೂ ಇರುತ್ತದೆ.

ಹಾಗಾದರೆ ನೀನು ಓದಿದ್ದು ಸುಳ್ಳಾ? ಅಲ್ಲ. 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಿ ಕೋಸ್ಕಿ, ಯಿ ತ್ಸುಯಿ ಮತ್ತು ಜೊತೆಗಾರರು ಇದನ್ನು ಮಾಡಿ ತೋರಿಸಿದರು. ಅವರು ಆರಿಸಿದ ಮನೆ ಬಿಸ್ಮತ್ ಸೆಲೆನೈಡ್. ಇದರ ಕಟ್ಟೋಣ ಚೆನ್ನಾಗಿದೆ. ಸೆಲೆನಿಯಂ, ಬಿಸ್ಮತ್, ಸೆಲೆನಿಯಂ, ಬಿಸ್ಮತ್, ಸೆಲೆನಿಯಂ, ಹೀಗೆ ಐದು ಸಾಲು ಸೇರಿ ಒಂದು ಕಟ್ಟು. ದಪ್ಪ ಸುಮಾರು 1 ನ್ಯಾನೋಮೀಟರ್. ಕಟ್ಟಿನ ಒಳಗೆ ಹಿಡಿತ ಬಿಗಿ. ಒಂದು ಕಟ್ಟಿಗೂ ಇನ್ನೊಂದಕ್ಕೂ ನಡುವೆ ಮಾತ್ರ ಸಡಿಲ. ಆ ಸಡಿಲ ಸಂದಿಯೇ ಬಾಗಿಲು.

ಈಗ ಅವರ ಜಾಣತನ ಇರುವುದು ತಾಮ್ರವನ್ನು ಯಾವ ರೂಪದಲ್ಲಿ ಕಳಿಸಿದರು ಅನ್ನುವುದರಲ್ಲಿ. ಮೈಲುತುತ್ತದಲ್ಲಿರುವುದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ. ಅವರು ತಗೊಂಡದ್ದು ಒಂದೇ ಎಲೆಕ್ಟ್ರಾನ್ ಕಳೆದುಕೊಂಡದ್ದು, ಅಂದರೆ ಕ್ಯುಪ್ರಸ್. ಇದು ಬಹಳ ಚಂಚಲ. ಅಸಿಟೋನೈಟ್ರೈಲ್ ಅನ್ನುವ ದ್ರವದ ನಾಲ್ಕು ಅಣುಗಳು ಸುತ್ತ ಹಿಡಿದುಕೊಂಡಿದ್ದರೆ ಸುಮ್ಮನಿರುತ್ತದೆ. ಹೀಗೆ ಹಿಡಿದಿಟ್ಟ ತಾಮ್ರದ ಲವಣವನ್ನು ಅಸಿಟೋನ್ ಅನ್ನುವ, ಬೇಗ ಆವಿಯಾಗುವ ದ್ರವದಲ್ಲಿ ಕರಗಿಸಿದರೆ ಹಿಡಿತ ಸಡಿಲವಾಗುತ್ತದೆ. ಆಗ ಎರಡು ಕ್ಯುಪ್ರಸ್ ಅಯಾನು ಎದುರಾದರೆ ಒಂದು ತನ್ನ ಎಲೆಕ್ಟ್ರಾನನ್ನು ಇನ್ನೊಂದಕ್ಕೆ ಕೊಟ್ಟುಬಿಡುತ್ತದೆ. ಕೊಟ್ಟದ್ದು ಮೈಲುತುತ್ತದ ತಾಮ್ರದಂತಾಗಿ ದ್ರಾವಣದಲ್ಲೇ ಉಳಿಯುತ್ತದೆ. ಪಡೆದದ್ದು ಅಪ್ಪಟ ಲೋಹ. ಇದಕ್ಕೆ ಡಿಸ್‌ಪ್ರೊಪೋರ್ಷನೇಷನ್ ಅನ್ನುತ್ತಾರೆ. ನಿನ್ನ ಸಿಲಬಸ್ಸಿನಲ್ಲಿ ಇದೆ, ಎರಡು ಮಾರ್ಕಿನ ಪ್ರಶ್ನೆ.

ಎರಡು ಮಾರ್ಕಿನದಾದರೂ ಕಣ್ಣಿಂದ ನೋಡುವಂಥದ್ದು. ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೀಗೆ ತೋರಿಸುತ್ತಿದ್ದೆ. ಗ್ಲೂಕೋಸಿಗೆ ಬೆನೆಡಿಕ್ಟ್ ಟೆಸ್ಟ್ ಮಾಡಿದಾಗ ತಳದಲ್ಲಿ ಇಟ್ಟಿಗೆ ಕೆಂಪಿನ ಗಸಿ ಕೂರುತ್ತದಲ್ಲ, ಹುಡುಗರು ಅದನ್ನು ಸಿಂಕಿಗೆ ಚೆಲ್ಲುವ ಮೊದಲು ಇಸಿದುಕೊಳ್ಳುತ್ತಿದ್ದೆ. ಅದು ಕ್ಯುಪ್ರಸ್ ಆಕ್ಸೈಡ್. ಸೋಸಿ, ನಾಲ್ಕು ಸಲ ತೊಳೆದು, ಪ್ರನಾಳಿಗೆ ಹಾಕಿ, ತೆಳು ಸಲ್ಫ್ಯೂರಿಕ್ ಆಮ್ಲ ಬಿಟ್ಟು ಅಲುಗಾಡಿಸಬೇಕು. ಮೇಲಿನ ನೀರು ನಿಧಾನಕ್ಕೆ ತಿಳಿನೀಲಿಯಾಗುತ್ತದೆ. ಕೆಳಗೆ ಕಂದುಗೆಂಪು ಪುಡಿ ಉಳಿಯುತ್ತದೆ. ಆ ನೀಲಿ ಎಲೆಕ್ಟ್ರಾನ್ ಕೊಟ್ಟವನದು, ಆ ಪುಡಿ ಪಡೆದವನದು. ಇದನ್ನು ನೀನು ಕಾಲೇಜಿನಲ್ಲಿ ಮೇಷ್ಟರ ಎದುರು ಮಾಡಬಹುದು.

ಸ್ಟ್ಯಾನ್‌ಫರ್ಡಿನವರ ದ್ರಾವಣ ಬಹಳ ತೆಳು. ಅದನ್ನು ಅಸಿಟೋನ್ ಕುದಿಯುವ 56 ಡಿಗ್ರಿಗಿಂತ ಸ್ವಲ್ಪ ಕೆಳಗೆ, ಬೆಚ್ಚಗೆ ಕೆಲವು ಗಂಟೆ ಇಟ್ಟರು. ಬಿಸ್ಮತ್ ಸೆಲೆನೈಡ್ ಅದರಲ್ಲಿ ಮುಳುಗಿತ್ತು, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ರಿಬ್ಬನ್‌ಗಳ ರೂಪದಲ್ಲಿ. ತೆಳು ಯಾಕೆ? ತಾಮ್ರ ಒಮ್ಮೆಲೇ ಜಾಸ್ತಿ ಹುಟ್ಟಿದರೆ ನಿನ್ನ ಕಡ್ಡಿಯ ಹಾಗೆ ಹೊರಗೇ ಗುಂಪು ಕಟ್ಟುತ್ತದೆ. ಒಂದೊಂದೇ ಬಂದರೆ ಸಂದಿ ಹುಡುಕಿಕೊಂಡು ಒಳಗೆ ಜಾರುತ್ತದೆ. ಕಾಯುವುದೂ ಇಲ್ಲಿ ಒಂದು ರಾಸಾಯನಿಕ.

ಇನ್ನೊಂದು ಮುಖ್ಯ ಮಾತು. ಲಿಥಿಯಂ, ಪೊಟ್ಯಾಸಿಯಂ ಒಳಗೆ ಹೋದರೆ ತಮ್ಮ ಎಲೆಕ್ಟ್ರಾನನ್ನು ಮನೆಯವರ ಕೈಗೆ ಕೊಡುತ್ತವೆ. ಮನೆಯವರು ಎಷ್ಟು ಎಲೆಕ್ಟ್ರಾನ್ ಇಟ್ಟುಕೊಳ್ಳಬಲ್ಲರೋ ಅಷ್ಟೇ ಅತಿಥಿಗಳಿಗೆ ಜಾಗ. ಈ ತಾಮ್ರ ಹಾಗಲ್ಲ. ಹೆಚ್ಚುಕಡಿಮೆ ಲೋಹವಾಗಿಯೇ, ಕೊಡು-ಕೊಳ್ಳುವ ಲೆಕ್ಕವಿಲ್ಲದೆ ಕೂರುತ್ತದೆ. ಪರಿಣಾಮ ಏನು ಗೊತ್ತಾ? ಎರಡು ಬಿಸ್ಮತ್, ಮೂರು ಸೆಲೆನಿಯಂ ಇರುವ ಮನೆಗೆ ಏಳೂವರೆ ತಾಮ್ರದವರೆಗೂ ತುಂಬಿಸಿದರು. ಲೆಕ್ಕ ಹಾಕಿ ನೋಡು, 100 ಪರಮಾಣುಗಳಲ್ಲಿ 60 ಅತಿಥಿಗಳು! ನಮ್ಮ ಕಡೆ ಜಾತ್ರೆ ದಿನ ಮನೆ ಹೀಗಿರುತ್ತದೆ.

ಒಳಗೆ ಹೋಯಿತು ಅಂತ ಅವರಿಗೆ ಹೇಗೆ ಗೊತ್ತಾಯಿತು? ಭೂತಗನ್ನಡಿ ಸಾಲದು. ಎಲೆಕ್ಟ್ರಾನ್ ಕಿರಣ, ಎಕ್ಸ್-ರೇ ಹಾಯಿಸಿ, ಅವು ಚದುರುವ ಚುಕ್ಕಿಗಳನ್ನು ಅಳೆಯುತ್ತಾರೆ. ಹೊರಗೆ ಬರೀ ಹತ್ತಿದ್ದರೆ ಮನೆಯ ಚುಕ್ಕಿಗಳು ಇದ್ದಲ್ಲೇ ಇದ್ದು, ಪಕ್ಕದಲ್ಲಿ ಮಾಮೂಲಿ ತಾಮ್ರದ ಗುರುತು ಬೇರೆಯಾಗಿ ಕಾಣುತ್ತದೆ. ಒಳಗೆ ಹೊಕ್ಕಿದ್ದರೆ ಪದರದ ದೂರವೇ ಬದಲಾಗಿರುತ್ತದೆ. ಅತಿಥಿಗಳು ಸಾಲಾಗಿ ಕೂತಿದ್ದರೆ ಮೊದಲು ಇಲ್ಲದ ಹೊಸ ಚುಕ್ಕಿಗಳೂ ಮೂಡುತ್ತವೆ.

ಇದರಿಂದ ಏನು ಉಪಯೋಗ ಅಂತ ನಿನ್ನ ಮನೆಯಲ್ಲಿ ಕೇಳಿದರೆ ಎರಡು ಮಾತು ಹೇಳು. ಬಿಸ್ಮತ್ ಸೆಲೆನೈಡ್‌ಗೆ ಸ್ವಲ್ಪ ತಾಮ್ರ ಸೇರಿಸಿದರೆ 3.8 ಕೆಲ್ವಿನ್‌ಗಿಂತ (ಸುಮಾರು ಮೈನಸ್ 269 ಡಿಗ್ರಿ) ಕೆಳಗೆ ಅದು ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಅಡ್ಡಿಯೇ ಇಲ್ಲದೆ ಕರೆಂಟ್ ಹರಿಸುತ್ತದೆ. ಇದು 2010ರಲ್ಲಿ ಗೊತ್ತಾಯಿತು. ಅದನ್ನು ಮಾಡಿದ್ದು ದ್ರಾವಣದಲ್ಲಿ ಅಲ್ಲ, ಎಲ್ಲ ಸೇರಿಸಿ ಕರಗಿಸಿ ಹರಳು ಕಟ್ಟಿಸಿ. ಎರಡನೆಯದು 2014ರದು, ನನಗೆ ತುಂಬಾ ಮಜಾ ಅನಿಸಿದ್ದು. ಇದೇ ವಸ್ತುವಿನ ತೆಳು ಬಿಲ್ಲೆಗಳಿಗೆ ತಾಮ್ರ ತುಂಬಿದರೆ ಅವು ಇನ್ನಷ್ಟು ಪಾರದರ್ಶಕವಾದವು. ಲೋಹ ತುಂಬಿದರೆ ಮಬ್ಬಾಗಬೇಕು ಅಲ್ವಾ? ಉಲ್ಟಾ. ಕರೆಂಟೂ ಹರಿಯಬೇಕು, ಬೆಳಕೂ ಹಾಯಬೇಕು ಅನ್ನುವ ಕಡೆ ಇಂಥದ್ದಕ್ಕೆ ಬೆಲೆ.

ಮನೆಯಲ್ಲಿ ಮಾತ್ರ ಅಸಿಟೋನ್ ಬಿಸಿ ಮಾಡಲು ಹೋಗಬೇಡ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ, ಅಸಿಟೋನ್ ಬಾಟಲಿಯ ಬಿರಡೆ ತಿರುಗಿಸಿದ ಕೂಡಲೇ ಟಪ್ ಅಂತ ಎದ್ದಿತು. ಎರಡು ಮಾರು ದೂರದಲ್ಲಿ ಯಾರೋ ಸ್ಪಿರಿಟ್ ಲ್ಯಾಂಪ್ ಹಚ್ಚಿಟ್ಟಿದ್ದರು. ಅಸಿಟೋನಿನ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹಾವಿನಂತೆ ಹರಿಯುತ್ತದೆ. ನೀಲಿ ಜ್ವಾಲೆ ಮೇಜಿನುದ್ದಕ್ಕೂ ಓಡಿ ಬಂತು. ಮರಳಿನ ಬಕೆಟ್ ಹಿಡಿದೆ. ಒಳಗೆ ಚಾಕ್ ಚೂರು, ಶೇಂಗಾ ಸಿಪ್ಪೆ! ಒದ್ದೆ ಗೋಣಿಚೀಲ ಎಸೆದು ಆರಿಸಿದೆವು. ಬಕೆಟ್ಟಿಗೆ ಮರಳು ತುಂಬಿಸಲು ನಾಲ್ಕು ಅರ್ಜಿ ಬರೆಯಬೇಕಾಯಿತು, ಅದು ಬೇರೆ ಕಥೆ. ಬೇರೆ ಲೋಹಗಳ ದಾರಿಯೂ ಮನೆಯಲ್ಲಿ ಮಾಡುವಂಥದ್ದಲ್ಲ. ಕೋಬಾಲ್ಟ್, ಕಬ್ಬಿಣ ತೂರಿಸಲು ಅವುಗಳ ಕಾರ್ಬೊನಿಲ್ (ಕಾರ್ಬನ್ ಮೊನಾಕ್ಸೈಡ್ ಜೊತೆಗಿನ ಸಂಯುಕ್ತ) ಬಳಸುತ್ತಾರೆ. ಅದು ವಿಷ. ಲಿಥಿಯಂ ತೂರಿಸುವ ಬ್ಯುಟೈಲ್ ಲಿಥಿಯಂ ಅಂತೂ ಗಾಳಿ ತಾಗಿದರೇ ಹೊತ್ತಿಕೊಳ್ಳಬಲ್ಲದು. ಆದರೆ ಅದರ ಕೆಲಸ ನೋಡು. ಮಾಲಿಬ್ಡಿನಂ ಡೈಸಲ್ಫೈಡ್ ಅನ್ನುವ ಇನ್ನೊಂದು ಪದರದ ವಸ್ತುವಿಗೆ ಹೀಗೆ ಲಿಥಿಯಂ ತುಂಬಿ, ಆಮೇಲೆ ನೀರಿಗೆ ಹಾಕಿದರೆ, ಪದರಗಳ ನಡುವೆ ಹೈಡ್ರೋಜನ್ ಗುಳ್ಳೆ ಹುಟ್ಟಿ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತದೆ. 1986ರಲ್ಲೇ ಕೆನಡಾದಲ್ಲಿ ಇದನ್ನು ಮಾಡಿದ್ದರು. ಗ್ರಾಫೀನ್, ಅಂದರೆ ಗ್ರಾಫೈಟಿನ ಒಂದೇ ಹಾಳೆ, ಅದರ ಹೆಸರು ಮನೆಮಾತಾಗುವುದಕ್ಕೆ ಎಷ್ಟೋ ವರ್ಷ ಮೊದಲು.

ನಿನ್ನ ಕಡ್ಡಿ ನನ್ನ ಹತ್ತಿರ ಇದೆ. ವಾಪಸ್ ಕೊಡುವುದಿಲ್ಲ.

ಮೇಡಂ, ನನ್ನದು ಮೊಬೈಲ್ ರಿಪೇರಿ ಅಂಗಡಿ. ಬ್ಯಾಟರಿಯಲ್ಲೂ ಲಿಥಿಯಂ ಗ್ರಾಫೈಟಿನ ಪದರದೊಳಗೆ ಹೋಗಿ ಬರುತ್ತದೆ ಅಂತಾರೆ. ಬ್ಯಾಟರಿ ಊದಿಕೊಳ್ಳುವುದು ಪದರ ತುಂಬಿದ್ದಕ್ಕೇನಾ?
— ಮಾನ್ವಿ

ಪ್ರಶ್ನೆ ಚೆನ್ನಾಗಿದೆ. ಉತ್ತರ, ಅದಕ್ಕಲ್ಲ. ಚಾರ್ಜ್ ಆಗುವಾಗ ಲಿಥಿಯಂ ಗ್ರಾಫೈಟ್ ಹೊಕ್ಕು ಪದರಗಳನ್ನು 0.335ರಿಂದ ಸುಮಾರು 0.37 ನ್ಯಾನೋಮೀಟರಿಗೆ ಎತ್ತುತ್ತದೆ. ನೂರಕ್ಕೆ ಹತ್ತು ಪಾಲು. ಚಾರ್ಜ್ ಇಳಿದಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ದಿನವೂ ನಡೆಯುವ ಉಸಿರಾಟ ಅದು. ನಿಮ್ಮ ಅಂಗಡಿಗೆ ದಿಂಬಿನ ಹಾಗೆ ಊದಿ ಬರುವ ಬ್ಯಾಟರಿಯಲ್ಲಿರುವುದು ಗ್ಯಾಸು. ಹಳತಾಗಿಯೋ, ಬಿಸಿಯಾಗಿಯೋ, ಜಾಸ್ತಿ ಚಾರ್ಜ್ ಆಗಿಯೋ ಒಳಗಿನ ದ್ರವ ಒಡೆದು ಗ್ಯಾಸಾಗುತ್ತದೆ. ಸೂಜಿ ಚುಚ್ಚಿ ಗಾಳಿ ಬಿಡುವ ಹುಡುಗರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಬೇಡ ಅಣ್ಣಾ, ಬೆಂಕಿ ಬೀಳುತ್ತದೆ.

ಪದರದೊಳಗೆ ಲಿಥಿಯಂ ಓಡಾಡಿಸಿ ಬ್ಯಾಟರಿ ಮಾಡುವ ದಾರಿ ತೋರಿಸಿದವರು ಸ್ಟಾನ್ಲಿ ವಿಟಿಂಗ್‌ಹ್ಯಾಮ್, 1970ರ ದಶಕದಲ್ಲಿ. ಅವರ ಪದರ ಗ್ರಾಫೈಟ್ ಅಲ್ಲ, ಟೈಟೇನಿಯಂ ಡೈಸಲ್ಫೈಡ್. 2019ರ ನೊಬೆಲ್ ಅವರಿಗೂ, ಗುಡಿನಫ್ ಮತ್ತು ಯೋಶಿನೊ ಅವರಿಗೂ ಸೇರಿ ಬಂತು.

ಅಕ್ಕಾವ್ರೇ, ಹೋದ ತಿಂಗಳು ನೀವು ಅಭ್ರಕದ ಪದರದ ಬಗ್ಗೆ ಬರೆದದ್ದನ್ನು ಮಗ ಓದಿ ಹೇಳಿದ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಂದರೆ ಉಬ್ಬುತ್ತದೆ. ಕಾಲುವೆ ಕೆಳಗಿನ ತುಂಡಿನಲ್ಲಿ ಸವಳು ಎದ್ದು ನೀರು ಇಂಗುವುದೇ ಇಲ್ಲ. ಜಿಪ್ಸಂ ಹಾಕು ಅಂತಾರೆ. ಇದೂ ಪದರದ್ದೇ ಆಟವಾ?
— ರೈತರು, ಸಿರುಗುಪ್ಪ ತಾಲ್ಲೂಕು

ಪೂರ್ತಿ ಪದರದ್ದೇ ಆಟ ಅಣ್ಣಾ. ನಾನೂ ಸಿರುಗುಪ್ಪ ಕಡೆಯವಳೇ. ಆ ಬಿರುಕಿನಲ್ಲಿ ಚಪ್ಪಲಿ ಕಳೆದುಕೊಂಡು ಮನೆಯಲ್ಲಿ ಬೈಸಿಕೊಂಡಿದ್ದೇನೆ.

ಎರೆಮಣ್ಣಿನ ಜೇಡಿ ಕಣ ಕೂಡ ಹಾಳೆ ಹಾಳೆಯಾಗಿದೆ. ಹಾಳೆಗಳಿಗೆ ಸ್ವಲ್ಪ ಋಣ ವಿದ್ಯುತ್ ಇರುತ್ತದೆ. ಅದನ್ನು ಸರಿದೂಗಿಸಲು ನಡುವೆ ಕ್ಯಾಲ್ಸಿಯಂ, ಸೋಡಿಯಂನಂಥ ಅಯಾನುಗಳು ಕೂತಿರುತ್ತವೆ. ನೀರು ಬಂದರೆ ಅವುಗಳ ಸುತ್ತ ನೀರಿನ ಸಾಲು ನುಗ್ಗುತ್ತದೆ. ಒಣಗಿದಾಗ ಸುಮಾರು 1 ನ್ಯಾನೋಮೀಟರ್ ಇದ್ದ ದೂರ ಎರಡು ಸಾಲು ನೀರು ಸೇರಿದರೆ ಸುಮಾರು ಒಂದೂವರೆ ಆಗುತ್ತದೆ. ಕೋಟಿ ಕೋಟಿ ಹಾಳೆ ಒಟ್ಟಿಗೆ ಹೀಗೆ ಎದ್ದರೆ ಹೊಲ ಉಬ್ಬದೆ ಇರುತ್ತದಾ? ಬೇಸಿಗೆಯಲ್ಲಿ ಅವೇ ಮುಚ್ಚಿಕೊಂಡಾಗ ನೆಲ ಬಾಯಿ ಬಿಡುತ್ತದೆ. ಅಭ್ರಕ ಹೀಗೆ ಉಬ್ಬುವುದಿಲ್ಲ. ಅಲ್ಲಿ ಪೊಟ್ಯಾಸಿಯಂ ಹಾಳೆಗಳನ್ನು ಗಟ್ಟಿಯಾಗಿ ಹಿಡಿದು ಕೂತಿದೆ, ನೀರಿಗೆ ಜಾಗ ಬಿಡುವುದಿಲ್ಲ.

ಸವಳು ಎದ್ದಲ್ಲಿ ನಡುವೆ ಕೂತಿರುವುದು ಬಹಳಷ್ಟು ಸೋಡಿಯಂ. ಅದರ ಹಿಡಿತ ಸಡಿಲ. ನೀರು ಕಟ್ಟಿದಾಗ ಹಾಳೆಗಳು ಬಿಡಿಬಿಡಿಯಾಗಿ ಕದಡಿ, ಮಣ್ಣಿನ ಸಣ್ಣ ತೂತುಗಳನ್ನೆಲ್ಲ ಮೆತ್ತಿಬಿಡುತ್ತವೆ. ಅದಕ್ಕೇ ನೀರು ಇಂಗುವುದಿಲ್ಲ. ಜಿಪ್ಸಂನಲ್ಲಿ ಕ್ಯಾಲ್ಸಿಯಂ ಇದೆ. ಅದಕ್ಕೆ ವಿದ್ಯುತ್ ಎರಡು ಪಟ್ಟು, ಹಿಡಿತವೂ ಜಾಸ್ತಿ. ಅದು ಒಳಹೊಕ್ಕು ಸೋಡಿಯಂ ಅನ್ನು ಹೊರಗೆ ದಬ್ಬುತ್ತದೆ. ಗಂಗಾವತಿಯ ಹುಡುಗನಿಗೂ ಹೇಳುತ್ತೇನೆ ಕೇಳು. ಇಲ್ಲಿ ಒಳಗೆ ಹೋಗುವುದು ಲೋಹದ ಪರಮಾಣು ಅಲ್ಲ, ಅಯಾನು. ಒಬ್ಬ ಎದ್ದರೆ ಮಾತ್ರ ಇನ್ನೊಬ್ಬನಿಗೆ ಸೀಟು. ಮೇಲಿನ ತಾಮ್ರಕ್ಕೆ ಆ ಕಟ್ಟು ಇರಲಿಲ್ಲ.

ಆದರೆ ಅಣ್ಣಾ, ಜಿಪ್ಸಂ ಹಾಕಿ ಸುಮ್ಮನೆ ಕೂತರೆ ದುಡ್ಡು ದಂಡ. ಹೊರಬಿದ್ದ ಸೋಡಿಯಂ ನೀರಿನೊಂದಿಗೆ ಹೊಲ ಬಿಟ್ಟು ಹೋಗಬೇಕು. ಬಸಿಗಾಲುವೆ ತೋಡದೆ ಆಗುವುದಿಲ್ಲ. ಎಷ್ಟು ಚೀಲ ಅನ್ನುವುದು ಮಣ್ಣು ಪರೀಕ್ಷೆ ಮಾಡಿಸಿದ ಮೇಲಿನ ಮಾತು, ಅಂಗಡಿಯವರ ಮಾತಲ್ಲ.

ಮೇಡಂ, ನಮ್ಮ ಹಟ್ಟಿ ಗಣಿಯ ಚಿನ್ನವನ್ನೂ ಹೀಗೆ ಪದರದಲ್ಲಿ ತೂರಿಸಬಹುದಾ?
— ಲಿಂಗಸುಗೂರು

ಬಹುದು. ಬಿಸ್ಮತ್ ಸೆಲೆನೈಡ್ ಹೊಕ್ಕ ಲೋಹಗಳ ಪಟ್ಟಿಯಲ್ಲಿ ತಾಮ್ರ, ಬೆಳ್ಳಿ, ನಿಕಲ್, ತವರ ಎಲ್ಲದರ ಜೊತೆ ಚಿನ್ನವೂ ಇದೆ. ಅಕ್ಕಸಾಲಿಗರ ತಕ್ಕಡಿಗೆ ತಿಳಿಯದಷ್ಟು ಸ್ವಲ್ಪ. ಚಿನ್ನ ದ್ರಾವಣಕ್ಕೆ ಇಳಿಯುವುದು ನಿಮ್ಮೂರ ಕಡೆ ಹೊಸದಲ್ಲ. ಹಟ್ಟಿಯಲ್ಲಿ ಅದಿರು ನುಣ್ಣಗೆ ಅರೆದು ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿಯೇ ತೆಗೆಯುತ್ತಾರೆ.

ಮೇಡಂ, ಅಭ್ರಕದ ಹಾಳೆ ಬಿಡಿಸಿ ನೋಡಿ ಅಂದಿದ್ದಿರಿ. ಅದು ಎಲ್ಲಿ ಸಿಗುತ್ತದೆ?
— ಹೈಸ್ಕೂಲ್ ಶಿಕ್ಷಕಿ, ಕುಷ್ಟಗಿ

ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುವವರ ಹತ್ತಿರ ಕೇಳಿ ಟೀಚರ್. ಹಳೆಯ ಪೆಟ್ಟಿಗೆಯ ಕಾಯಿಲ್ ಅನ್ನು ಅಭ್ರಕದ ತಗಡಿಗೇ ಸುತ್ತಿರುತ್ತಾರೆ. ನನಗೆ ಕೌಲ್ ಬಜಾರಿನಲ್ಲಿ ಒಬ್ಬರು ಸುಮ್ನೆ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಕೆಲವು ತಗಡು ಚೂರುಗಳನ್ನು ಅಂಟಿಸಿ ಮಾಡಿದ್ದಿರುತ್ತವೆ, ಅವು ಸರಿಯಾಗಿ ಬಿಡುವುದಿಲ್ಲ. ಬೆಳಕಿಗೆ ಹಿಡಿದಾಗ ಒಂದೇ ಸಮ ಕಾಣುವುದನ್ನು ಆರಿಸಿಕೊಳ್ಳಿ. ಅಂಚಿಗೆ ಸೂಜಿ ಮೊನೆ ಕೊಟ್ಟು ನಿಧಾನಕ್ಕೆ ಎಬ್ಬಿಸಿ. ಫ್ಯಾನ್ ಆಫ್ ಮಾಡಿಕೊಂಡು ಕೂರಿ, ಇಲ್ಲದಿದ್ದರೆ ನಾಲ್ಕನೇ ಹಾಳೆ ಹಾರಿಹೋದರೆ ಹುಡುಕಲು ಸಿಗುವುದಿಲ್ಲ.